ಟೆಂಟಿಗೆ ಹೊಸ್ತಿಲಿಲ್ಲ

ಹಿಂದೂಪುರ
12-6-2025, ಗುರುವಾರ

ಚಿ॥ ಸೌ॥ ಕಲ್ಪನಾಳಿಗೆ ನಿನ್ನ ಅಮ್ಮ ಮಾಡುವ ಆಶೀರ್ವಾದಗಳು.

ನಾನೂ ನಿಮ್ಮ ಅಪ್ಪನೂ ಚೆನ್ನಾಗಿದ್ದೇವೆ. ನೀನೂ ಚೆನ್ನಾಗಿರಬೇಕು, ಯಾಕೆಂದರೆ ವಾಟ್ಸಾಪ್‌ನಲ್ಲಿ ದಿನಕ್ಕೊಂದು ಹೊಸ ಫೋಟೋ ಹಾಕುತ್ತಿದ್ದೀಯ. ಅಮ್ಮನ ಫೋನ್ ಎತ್ತುವುದಕ್ಕೆ ಮಾತ್ರ ನಿನ್ನ ಕೈಯಲ್ಲಿ ಶಕ್ತಿಯಿಲ್ಲ. ಮೂರು ವಾರದಲ್ಲಿ ಹದಿನೇಳು ಸಲ ಮಾಡಿ ನಾನೂ ಬಿಟ್ಟೆ. ಕಾಗದ ಬರೆಯುವುದು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಕೋಪ ಆರಿದ ಮೇಲೆ ಬರೆಯೋಣ ಎಂದು ಕಾದೆ, ಅದು ಆರುವ ಲಕ್ಷಣ ಕಾಣಲಿಲ್ಲ. "ಫೋನಾಗೆ ಮಾತಾಡಿದ್ರೆ ನಿನ್ ಬಾಯಿ ಮುಂದ್ಕೋಯ್ತದೆ. ಕಾಗ್ದ ಬರಿ, ಬರ್ಯೋವಾಗ ಒಸಿ ಯೋಚ್ನೆ ಬತ್ತದೆ," ಎಂದರು ನಿಮ್ಮ ಅಪ್ಪ. ಅದಕ್ಕೇ ಕೂತಿದ್ದೇನೆ, ಕನ್ನಡದಲ್ಲೇ ಬರೆಯುತ್ತಿದ್ದೇನೆ. ತೆಲುಗಿನಲ್ಲಿ ಓದಿದ ನಿನ್ನ ಗಂಡ ಉಮಾಶಂಕರನಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ದೇವರು ಅವನಿಗೆ ಅದೊಂದಾದರೂ ಒಳ್ಳೆಯ ಗುಣ ಕೊಟ್ಟಿದ್ದಾನೆ.

ನೇರ ವಿಷಯಕ್ಕೆ ಬರುತ್ತೇನೆ. ಈ ತಿಂಗಳು ಇಪ್ಪತ್ತಾರಕ್ಕೆ ಆಷಾಢ ಹಿಡಿಯುತ್ತದೆ. ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು, ಹುಡುಗಿ ತವರಿನಲ್ಲಿರಬೇಕು, ಅಳಿಯ ಅತ್ತೆಯ ಮನೆ ಹೊಸ್ತಿಲು ತುಳಿಯಬಾರದು. ಇದು ನಾನು ಕಟ್ಟಿದ ಕಾನೂನಲ್ಲ. ಫೆಬ್ರವರಿಯಲ್ಲಿ ನಿನ್ನ ಮದುವೆ ಮುಗಿದ ದಿನದಿಂದ ನಾನು ಈ ಒಂದು ತಿಂಗಳಿಗಾಗಿ ಕಾಯುತ್ತಿದ್ದೇನೆ. ಬೀದಿ ಕಡೆಯ ಕೋಣೆಯಲ್ಲಿದ್ದ ಸೀರೆ ಗಂಟುಗಳನ್ನೆಲ್ಲ ಎತ್ತಿಸಿ ಸುಣ್ಣ ಹೊಡೆಸಿದೆ. ನೀನು ಸೀರೆಗೆ ಡಿಸೈನ್ ಹಾಕುವ ಕಂಪ್ಯೂಟರ್ ಇಡಲು ಕಿಟಕಿಯ ಪಕ್ಕ ಮೇಜು ಹಾಕಿಸಿದೆ. ಮಗಳು ಬರುತ್ತಾಳೆ ಎಂದು ಬೀದಿಗೆಲ್ಲ ಸಾರಿದೆ. ಅಷ್ಟು ಹೊತ್ತಿಗೆ ಕಲ್ಯಾಣದುರ್ಗದಿಂದ ನಿನ್ನ ವೀಡಿಯೋ ಕಾಲ್ ಬಂತು.

"ಅಮ್ಮಾ, ಆಷಾಢದಾಗೆ ನಾವಿಬ್ರೂ ರಾಮೇಶ್ವರಕ್ಕೆ ಹೋಯ್ತಿದೀವಿ," ಎಂದೆ. ನಾನು ಕೈ ಮುಗಿಯಲು ಹೊರಟಿದ್ದೆ. "ದೇವ್ರಿಗಲ್ಲಮ್ಮ, ವಿಂಡ್‌ಸರ್ಫಿಂಗ್‌ಗೆ," ಎಂದು ಒಂದು ಚಿತ್ರ ತೋರಿಸಿದೆ. ಸಮುದ್ರದ ಮೇಲೊಂದು ಹಲಗೆ, ಹಲಗೆಗೊಂದು ಕಂಬ, ಕಂಬಕ್ಕೊಂದು ಹಾಯಿ, ಆ ಹಾಯಿಗೆ ಜೋತುಬಿದ್ದ ಒಬ್ಬ ಚಡ್ಡಿಯವನು. ಗಾಳಿ ಎತ್ತ ನೂಕುತ್ತದೋ ಅತ್ತ ಹೋಗುವುದನ್ನು ಕಲಿಸಲು ಆ ದ್ವೀಪದಲ್ಲಿ ಕ್ಯಾಂಪು ಬೇರೆ ಹಾಕಿದ್ದಾರಂತೆ. ನಮ್ಮ ಕಡೆ ಕೆಲವರು ಅದನ್ನು ಕಲಿಯದೆಯೇ ಜೀವನವೆಲ್ಲ ಮಾಡುತ್ತಾರೆ.

ನಾನು ನಾಲ್ಕು ಮಾತು ಆಡಿದ್ದು ನಿಜ. ಗಾಳಿಗೆ ಸಂಬಳ ತಗೊಳ್ಳುವವನು ಗಾಳಿಗಾಗಿ ರಜೆ ಹಾಕುತ್ತಾನಾ ಎಂದೆ. ಬ್ರಹ್ಮಸಮುದ್ರದ ಗುಡ್ಡದ ಮೇಲೆ ಗಾಳಿಯಂತ್ರ ನೋಡಿಕೊಳ್ಳುವವನಿಗೆ ಊರ ಹೆಸರಿನಲ್ಲಿ ಸಮುದ್ರ ಇದ್ದ ಮಾತ್ರಕ್ಕೆ ಸಮುದ್ರ ಗೊತ್ತಾಗಿಬಿಡುತ್ತದಾ, ಅಲ್ಲಿನ ಬೋರಿನಲ್ಲಿ ಬಿಂದಿಗೆ ತುಂಬಲು ಅರ್ಧ ಗಂಟೆ ಬೇಕು ಎಂದೆ. ಈಜು ಬಾರದ ನೀನು ಸೊಂಟದವರೆಗಿನ ನೀರನ್ನಾದರೂ ಕಂಡಿದ್ದೀಯಾ ಎಂದೆ. ಅದಕ್ಕೆ ನೀನು ಕೊಟ್ಟ ಉತ್ತರ ನೆನಪಿದೆಯೋ ಇಲ್ಲವೋ, ನನಗೆ ನೆನಪಿದೆ. "ನೀನು ಲೇಪಾಕ್ಷೀಲಿ ನಿಮ್ಮಣ್ಣನ ಮನೇಲಿ ಕೈಗೆ ಗೋರಂಟಿ ಹಾಕ್ಕೊಂಡು ಉಯ್ಯಾಲೆ ಆಡ್ಕೊಂಡು ಆಷಾಢ ಕಳೆದೆ ಅಂತ ನಾನೂ ಒಂದು ತಿಂಗ್ಳು ಮೂಲೇಲಿ ಕೂತು ಕೊಳೀಬೇಕಾ?" ಎಂದು ಫೋನ್ ಕತ್ತರಿಸಿದೆ.

ಸರಿ. ಮಾರನೆಯ ದಿನ ನಿನ್ನ ಪ್ಲಾನ್ ಅಪ್ಪನ ಫೋನಿಗೆ ಬಂತು, ನನ್ನದಕ್ಕಲ್ಲ. ಅವರು ಜೆರಾಕ್ಸ್ ಅಂಗಡಿಗೆ ಹೋಗಿ ಎಂಟೂ ಹಾಳೆ ಬಣ್ಣದಲ್ಲೇ ತೆಗೆಸಿಕೊಂಡು ಬಂದರು, ಲಗ್ನಪತ್ರಿಕೆಗೂ ಇಷ್ಟು ಮರ್ಯಾದೆ ಇರಲಿಲ್ಲ. ಸೀರೆಯಲ್ಲಿ ಬುಟ್ಟಾ ಕೂರಿಸುವ ಚೌಕಳಿಯಲ್ಲಿ ನೀನು ಗಾಳಿಯನ್ನು ಕೂರಿಸಿದ್ದೀಯ. ಬೆಳಿಗ್ಗೆ ತೆಳು ಗಾಳಿ, ಹಸಿರು ಬಣ್ಣ, ಆಗ ಪಾಠ. ಮಧ್ಯಾಹ್ನ ಜೋರು ಗಾಳಿ, ಕೆಂಪು ಬಣ್ಣ, ಆಗ ಬಲ್ಲವರು ಮಾತ್ರ ನೀರಿಗೆ. ಮೊದಲ ದಿನ ಮರಳಿನ ಮೇಲೆ ನಿಲ್ಲುವುದು, ಎರಡನೆಯ ದಿನ ಮೊಣಕಾಲುದ್ದ ನೀರಿನಲ್ಲಿ ಬೀಳುವುದು. ಬೀಳುವುದಕ್ಕೂ ಒಂದು ಚೌಕ ಇದೆ. ನಾನು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಹಿಡಿದಾಗ ಯಾರೂ ಚೌಕ ಬಿಡಿಸಿರಲಿಲ್ಲ. ನಾಲ್ಕನೆಯ ಹಾಳೆಯಲ್ಲಿ ದಾರಿ ಬರೆದಿದ್ದೀಯ: ಕಲ್ಯಾಣದುರ್ಗದಿಂದ ಬಸ್ಸು, ಬೆಂಗಳೂರಿಗೆ ರೈಲು, ಅಲ್ಲಿಂದ ಮಧುರೆ, ಅಲ್ಲಿಂದ ದ್ವೀಪ. ನಡುವೆ ಒಂದು ಸಾಲು, 'ಹಿಂದೂಪುರ, ರೈಲಿಗೆ ಕಾಯುವುದು, ನಲವತ್ತು ನಿಮಿಷ.' ನೀನು ಹುಟ್ಟಿದ ಊರು. ಅಮ್ಮ ಎಂಬ ಅಕ್ಷರ ಎಂಟು ಹಾಳೆಯಲ್ಲಿ ಎಲ್ಲೂ ಇಲ್ಲ, ನಾನು ಕನ್ನಡಕ ಹಾಕಿಕೊಂಡು ಎರಡು ಸಲ ಹುಡುಕಿದೆ.

ಇನ್ನು ಊರಿನ ಕಥೆ ಕೇಳು. ಪಕ್ಕದ ಮನೆಯಲ್ಲಿ ಹುಣಸೆಹಣ್ಣು ಬಿಡಿಸುವ ಉಡುಸಲಮ್ಮನಿಗೆ ನಿಮ್ಮ ಅಪ್ಪ ಹೆಮ್ಮೆಯಿಂದ ಮಗಳು ಅಳಿಯ ರಾಮೇಶ್ವರಕ್ಕೆ ಹೊರಟಿದ್ದಾರೆ ಎಂದು ಹೇಳಿಬಿಟ್ಟರು. ನಮ್ಮ ಕಡೆಯಿಂದ ಗಂಡ ಹೆಂಡತಿ ರಾಮೇಶ್ವರಕ್ಕೆ ಹೋಗುವುದು ಯಾವುದಕ್ಕೆ ಎಂದು ಎಲ್ಲರಿಗೂ ಗೊತ್ತು. ಅವಳು ಹುಣಸೆ ಬೀಜ ಅಲ್ಲೇ ಬಿಟ್ಟು ಬಂದಳು. "ಅಕ್ಕಾ, ಮದ್ವೆಯಾಗಿ ಇನ್ನಾ ನಾಕು ತಿಂಗ್ಳು. ಈಗ್ಲೇ ಯಾಕಕ್ಕಾ ಸರ್ಪದೋಸ ಅಂತ ಹೊಂಟವ್ರೆ? ಒಂದ್ ವರ್ಸ ನೋಡ್ಬೇಕಾಗಿತ್ತು," ಎಂದು ನನ್ನ ಕೈ ಹಿಡಿದುಕೊಂಡಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡಿದ್ದೆ, ಕೂಸು ಹುಟ್ಟಲಿಲ್ಲವೆಂದು ಅಳುವವರನ್ನು ಈಗ ಕಂಡೆ. ಸಂಜೆಯೊಳಗೆ ಮೂರು ಜನ ಬಂದು ಮೂರು ಡಾಕ್ಟರ ಹೆಸರು ಹೇಳಿ ಹೋದರು. ಹಲಗೆಯ ಮೇಲೆ ನಿಲ್ಲಲು ಹೋಗುತ್ತಿದ್ದಾರೆ ಎಂದು ಹೇಳುವುದಕ್ಕಿಂತ ದೋಷವೇ ವಾಸಿ ಎಂದು ನಾನು ಸುಮ್ಮನಿದ್ದೆ.

ನಿಮ್ಮ ಅತ್ತೆಯ ಬುದ್ಧಿವಂತಿಕೆ ಇನ್ನೊಂದು ತೂಕ. ಆಕೆಗೆ ನೀವು ಬರೀ ರಾಮೇಶ್ವರ ಎಂದಷ್ಟೇ ಹೇಳಿದ್ದೀರಂತೆ. ಬೀಗಿತ್ತಿ ನನಗೆ ಫೋನ್ ಮಾಡಿ, "ಎಂಥಾ ಸೊಸೆ ಕೊಟ್ರಮ್ಮಾ, ಆಷಾಢದಾಗೆ ಗಂಡನ್ನ ಕರ್ಕೊಂಡು ತೀರ್ಥಕ್ಕೆ ಹೊಂಟವಳೆ," ಎಂದು ಹಾಡಿ ಹೊಗಳಿದಳು. ಇಪ್ಪತ್ತೆರಡು ಬಾವಿಯ ತೀರ್ಥ ತರಲು ತಾಮ್ರದ ತಂಬಿಗೆ ಕೊಟ್ಟಿದ್ದಾಳಂತೆ. ಆ ತಂಬಿಗೆಯನ್ನು ಹಲಗೆಯ ಯಾವ ಮೂಲೆಗೆ ಕಟ್ಟುತ್ತೀರೋ ಕಾಣೆ.

ಕಳೆದ ಭಾನುವಾರ ನಿನ್ನ ಗಂಡ ಒಬ್ಬನೇ ಬಂದ. ಮಗಳಿಲ್ಲದೆ ಅಳಿಯ ಬಂದರೆ ಯಾವ ತಾಯಿಗಾದರೂ ಎದೆ ಧಸಕ್ಕೆನ್ನುತ್ತದೆ. ಅವನು ಚಪ್ಪಲಿ ಬಿಡುತ್ತಲೇ, "ಏಮೀ ಕಾಲೇದು ಅತ್ತೆ, ಏನೂ ಆಗಿಲ್ಲ, ಎಲ್ಲ ಚೆನ್ನಾಗೈತೆ, ನಿಮ್ ತಾವ ಮಾತಾಡಿ ಹೋಗಾನ ಅಂತ ಬಂದೆ," ಎಂದ. ಒಬ್ಬಟ್ಟು ತಟ್ಟಲು ನನಗೆ ಮನಸ್ಸು ಬರಲಿಲ್ಲ, ಉಪ್ಪಿಟ್ಟು ಮಾಡಿದೆ. ತಿಂದು, ಇನ್ನೊಂದು ಸಲ ಹಾಕಿಸಿಕೊಂಡು, ನನಗೆ ಶಾಸ್ತ್ರ ಹೇಳಲು ಕೂತ.

"ಅತ್ತೆ, ಆಷಾಢದಾಗೆ ನಮ್ಮಮ್ಮನೂ ಕಲ್ಪನಾನೂ ಒಂದೇ ಹೊಸ್ಲು ದಾಟಬಾರ್ದು, ಅಷ್ಟೇ ಅಲ್ವಾ? ನಾವಿರೋದು ಟೆಂಟಾಗೆ. ಟೆಂಟ್ಗೆ ಹೊಸ್ಲೇ ಇಲ್ವಲ್ಲ."

ಇವನನ್ನು ಇಂಜಿನಿಯರ್ ಮಾಡಿದವರು ಲಾಯರ್ ಮಾಡಬೇಕಾಗಿತ್ತು. ನಾನು ಕೇಳಿದೆ, ಆಷಾಢದಲ್ಲಿ ನಿಮ್ಮ ಗುಡ್ಡದ ಮೇಲೂ ಗಾಳಿಯ ಕಾಲ ತಾನೇ, ಯಂತ್ರ ನಿಲ್ಲಬಾರದು, ಒಬ್ಬರಿಗೂ ರಜೆ ಇಲ್ಲ ಎಂದು ಮದುವೆಯಲ್ಲಿ ನೀನೇ ಹೇಳಿದ್ದೆಯಲ್ಲಪ್ಪ? ಅದಕ್ಕೆ ಅವನು ತನ್ನ ಜೊತೆ ಕೆಲಸ ಮಾಡುವ ಧರ್ಮೇಂದ್ರ ಎಂಬುವನಿಗೆ ದಸರಾ ರಜೆ, ದೀಪಾವಳಿ ರಜೆ ಎರಡನ್ನೂ ಬಿಟ್ಟುಕೊಟ್ಟು ಒಂಬತ್ತು ದಿನ ಗಿಟ್ಟಿಸಿಕೊಂಡಿದ್ದೇನೆ ಎಂದ. ಹೊಸ ಅಳಿಯ ಮೊದಲ ದೀಪಾವಳಿಗೆ ಮಾವನ ಮನೆಗೆ ಬರಬೇಕು, ಎಣ್ಣೆ ಶಾಸ್ತ್ರ ಆಗಬೇಕು. ಅದನ್ನು ಹಲಗೆಗೆ ಮಾರಿಕೊಂಡು ಬಂದು ನನ್ನ ಎದುರಿಗೇ ನಗುತ್ತಾ ಕೂತಿದ್ದ. ಆಷಾಢವೂ ಹೋಯಿತು, ದೀಪಾವಳಿಯೂ ಹೋಯಿತು.

ನಿಮ್ಮ ಅಪ್ಪ ಬೈಯುತ್ತಾರೆ ಎಂದು ಅವರ ಮುಖ ನೋಡಿದೆ. ಅವರು, "ನಿಂತ್ಕಳೋದು ಹೆಂಗೆ, ಒಂದ್ಸಲ ತೋರ್ಸಪ್ಪ," ಎಂದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತಂತೆ, ನಮ್ಮ ಮನೆಯಲ್ಲಿ ಎರಡೂ ನೀರಿಗೇ ಎಳೆದವು. ಇಬ್ಬರೂ ಮಾಳಿಗೆಗೆ ಹೋದರು. ಹಳೆಯ ಕೈಮಗ್ಗದಲ್ಲಿ ನೇಯ್ದ ಬಟ್ಟೆ ಸುತ್ತುತ್ತಿದ್ದ ಮರದ ದಿಂಡನ್ನು ಮಲಗಿಸಿ, ಅದರ ಮೇಲೆ ನಿಮ್ಮ ತಾತ ಕೂತು ನೇಯುತ್ತಿದ್ದ ಹಲಗೆಯನ್ನು ಅಡ್ಡ ಇಟ್ಟರು. ಅಪ್ಪನ ಪಂಚೆಯನ್ನು ಎರಡು ಬಿದಿರು ಕೋಲುಗಳಿಗೆ ಕಟ್ಟಿ ಹಾಯಿ ಮಾಡಿದರು. ಅಳಿಯ ಹತ್ತಿ ಮಂಡಿ ಮಡಚಿ, ಹಿಂದಕ್ಕೆ ವಾಲಿ, ಸಮುದ್ರ ನೋಡುವವನ ಹಾಗೆ ನೀರಿನ ಟ್ಯಾಂಕನ್ನು ನೋಡುತ್ತಾ ನಿಂತ. ಆಮೇಲೆ ಐವತ್ತೆಂಟು ವರ್ಷದ ನಿಮ್ಮ ಅಪ್ಪ ಹತ್ತಿದರು. ಗಾಳಿ ಒಂದು ಸಲ ಜೋರಾಗಿ ಬೀಸಿತು, ಪಂಚೆ ಉಬ್ಬಿತು, ಅವರು ಹಪ್ಪಳದ ಚಾಪೆಯ ಮೇಲೆ ಕೂತರು. ಮೂರು ಸೇರು ಅಕ್ಕಿಯ ಹಪ್ಪಳ.

ಉಡುಸಲಮ್ಮ ಪಕ್ಕದ ಮಾಳಿಗೆಯಿಂದ ಎಲ್ಲವನ್ನೂ ನೋಡಿದಳು. "ಅಕ್ಕಾ, ದೋಸ ಅಳಿಯಂಗೊಬ್ನಿಗೇ ಅಲ್ಲ ಕಣಕ್ಕಾ," ಎಂದಳು ಮೆಲ್ಲಗೆ.

"ಗಾಳಿ ಬಂದಾಗ ತೂರ್ಕೋಬೇಕು ಕಣೇ. ಈ ವಯಸ್ನಾಗೆ ಹೋಗ್ದೆ ಇನ್ಯಾವಾಗ ಹೋದಾರು?" ಎಂದರು ನಿಮ್ಮ ಅಪ್ಪ, ಬೆನ್ನಿಗಂಟಿದ ಹಪ್ಪಳ ಬಿಡಿಸಿಕೊಳ್ಳುತ್ತಾ. ಮೂವತ್ತು ವರ್ಷದಲ್ಲಿ ನನ್ನನ್ನು ಪೆನುಕೊಂಡ ದಾಟಿಸದ ಮನುಷ್ಯ ಆಡುವ ಮಾತು ಇದು.

ಅಳಿಯನನ್ನು ಬಸ್ ಸ್ಟ್ಯಾಂಡಿನವರೆಗೆ ಬಿಡಲು ನಾನೇ ಹೋದೆ. ದಾರಿಯಲ್ಲಿ ನೇರವಾಗಿ ಕೇಳಿದೆ, ನನ್ನ ಮಗಳ ತಲೆಗೆ ಇದನ್ನೆಲ್ಲ ಯಾಕಪ್ಪ ತುಂಬಿದೆ ಎಂದು.

"ಅತ್ತೆ, ಈ ಪ್ಲಾನು ನಂದಲ್ಲ. ನಾನು ದಿನಾ ಗಾಳೀಲೇ ಸಾಯ್ತೀನಿ, ನಂಗ್ಯಾಕೆ ಇನ್ನೊಂದು ಗಾಳಿ? ಅವಳೇ ಹುಡುಕಿದ್ದು. ಹಗಲೆಲ್ಲ ಒಂದು ರೂಮಾಗೆ ಕೂತು ಚೌಕ ತುಂಬಿಸ್ತಾಳೆ. ಸಂಜೆಗೆ ಬಾಗ್ಲಾಗೆ ನಿಂತು, ನಿಮ್ ಗುಡ್ಡದ ಮೇಲೆ ಇವತ್ತು ಗಾಳಿ ಎಷ್ಟಿತ್ತು ಅಂತ ಕೇಳ್ತಾಳೆ. ದಿನಾ ಅದೇ ಕೇಳ್ತಾಳೆ. ನಿಮಗೆ ಹೇಳಬ್ಯಾಡ ಅಂದಿದ್ಲು. ಬೈಯೋದಾದ್ರೆ ನನ್ನೇ ಬೈಲಿ ಅಂತ ನಾನೂ ಸುಮ್ಕಿದ್ದೆ."

ಇಷ್ಟು ದಿನ ಅವನ ಮೇಲೆ ಸುರಿದದ್ದನ್ನೆಲ್ಲ ಇನ್ನು ಎಲ್ಲಿ ಸುರಿಯಬೇಕೋ ನನಗೆ ತಿಳಿಯಲಿಲ್ಲ. ಬಸ್ಸು ಬಂತು, ಅವನು ನಮಸ್ಕಾರ ಮಾಡಿ ಹತ್ತಿ ಹೋದ. ದಡ್ಡನೇ ಇರಬಹುದು, ಆದರೆ ನಿನ್ನ ಮೇಲೆ ಬೀಳುವುದನ್ನು ತನ್ನ ಮೇಲೆ ಹಾಕಿಕೊಳ್ಳುವ ದಡ್ಡ.

13ನೇ ತಾರೀಖು, ಶುಕ್ರವಾರ

ನಿನ್ನೆ ಇಲ್ಲಿಗೆ ನಿಲ್ಲಿಸಿದ್ದೆ. ಈವತ್ತು ಬೆಳಿಗ್ಗೆ ಎದ್ದು ಓದಿದರೆ ಮೂರು ಕಡೆ ಹರಿದುಹಾಕಬೇಕು ಅನ್ನಿಸಿತು. ಹರಿಯಲಿಲ್ಲ. ನಾನು ಹೀಗೇ ಎಂದು ನಿನಗೆ ಗೊತ್ತು.

ನನ್ನ ಅಭಿಪ್ರಾಯ ಬದಲಾಗಿಲ್ಲ. ಹಲಗೆಯ ಮೇಲೆ ನಿಂತು ಬೀಳುವುದು ಮನುಷ್ಯರು ಮಾಡುವ ಕೆಲಸವಲ್ಲ, ಅದನ್ನು ಬಣ್ಣದ ಚೌಕದಲ್ಲಿ ಬರೆದರೂ ಅಲ್ಲ. ಆದರೆ ಸುಣ್ಣ ಹೊಡೆದ ಕೋಣೆಯಲ್ಲಿ ನಿನ್ನೆ ಸಂಜೆ ಸ್ವಲ್ಪ ಹೊತ್ತು ಕೂತಿದ್ದೆ. ಕಿಟಕಿ ಒಂದೇ, ಅದೂ ಎದುರು ಮನೆಯ ಗೋಡೆಗೆ ತೆರೆಯುತ್ತದೆ. ಅಲ್ಲೇ ಮೇಜು ಹಾಕಿಸಿದ್ದೇನೆ, ನೀನು ಅಲ್ಲಿಯೂ ಕೂತು ಚೌಕ ತುಂಬಿಸಲಿ ಎಂದು. ಯಾರಿಗಾಗಿ ನಾನು ಈ ಕೋಣೆ ಸಿಂಗರಿಸಿದೆ ಎಂದು ನನ್ನನ್ನೇ ಕೇಳಿಕೊಂಡೆ. ಉತ್ತರ ನನಗೆ ಇಷ್ಟವಾಗಲಿಲ್ಲ.

ನೀನು ನನ್ನ ಹತ್ತಿರ ಇರಬೇಕು ಅನ್ನಿಸುತ್ತದೆ, ಕಲ್ಪನಾ. ಅದನ್ನು ಸುತ್ತಿ ಬಳಸಿ ಹೇಳುವುದಿಲ್ಲ. ಕೋಪ ಬಂದಿದ್ದೂ ಅದಕ್ಕೇ. ಹೋಗುವುದೇ ಆದರೆ ಲೈಫ್ ಜಾಕೆಟ್ ಕಟ್ಟದೆ ನೀರಿಗೆ ಇಳಿಯಬೇಡ, ಕೆಂಪು ಬಣ್ಣದ ಹೊತ್ತಿನಲ್ಲಿ ದಡದಲ್ಲೇ ಇರು, ತಾಳಿಯನ್ನು ಸರಕ್ಕೆ ಗಟ್ಟಿಯಾಗಿ ಪೋಣಿಸಿಕೋ. ನಿಮ್ಮ ಅತ್ತೆಗೆ ಸುಳ್ಳು ಹೇಳಿದ್ದು ಸಾಕು, ಬಾವಿಯ ನೀರು ನಿಜವಾಗಿಯೂ ಒಂದು ತಂಬಿಗೆ ತಂದುಕೊಡಿ, ಆಕೆ ಪಾಪದವಳು.

ನೀವಿಬ್ಬರೂ ನಗುನಗುತ್ತಾ ನೂರು ಕಾಲ ಬಾಳಿ. ನೀರು ನಿಮ್ಮನ್ನು ಮುಟ್ಟಿಯೂ ಮುಟ್ಟದ ಹಾಗೆ ದೇವರು ಕಾಯಲಿ.

ಇಂತಿ ನಿನ್ನ ಅಮ್ಮ,
ಆದಿಲಕ್ಷ್ಮಿ

ತಾ. ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಇದನ್ನು ಓದಿ ನಿಮ್ಮ ಅಪ್ಪನಿಗೆ ಹೇಳಬೇಡ, ಅವರಿಗೂ ಗೊತ್ತಿಲ್ಲ.

ನಾನು ಲೇಪಾಕ್ಷಿಯಲ್ಲಿ ಆಷಾಢ ಕಳೆಯಲಿಲ್ಲ. ಗೋರಂಟಿ, ಉಯ್ಯಾಲೆ, ಅತ್ತಿಗೆ ಕೈತುತ್ತು ಹಾಕಿದ್ದು, ನಿನಗೆ ಚಿಕ್ಕಂದಿನಿಂದ ಹೇಳಿದ್ದೆಲ್ಲ ನಾನು ಕಟ್ಟಿದ ಕಥೆ. ನನ್ನ ಮದುವೆಗೆ ಒಂದು ವರ್ಷ ಮುಂಚೆ ನಮ್ಮ ಅಮ್ಮ ತೀರಿಕೊಂಡಿದ್ದಳು. ತವರು ಎಂದರೆ ನಾರಪ್ಪಣ್ಣನ ಮನೆ. ಆಷಾಢದ ಹಿಂದಿನ ದಿನ ಅವನು ಬಂದು ಕರೆದುಕೊಂಡು ಹೋಗಬೇಕಾಗಿತ್ತು. ನಿಮ್ಮ ಅಪ್ಪನನ್ನು ಅಷ್ಟರಲ್ಲೇ ಧರ್ಮಾವರದ ಚಿಕ್ಕಪ್ಪನ ಮಗ್ಗಕ್ಕೆ ಕಳಿಸಿದ್ದರು. ನಾನು ಚೀಲ ಕಟ್ಟಿ, ಹೂ ಮುಡಿದು, ಬೆಳಗಿನಿಂದ ದೀಪ ಹಚ್ಚುವವರೆಗೆ ಬಾಗಿಲ ಹತ್ತಿರ ಕೂತೆ. ಅವನು ಬರಲಿಲ್ಲ. ಲೇಪಾಕ್ಷಿ ಇಲ್ಲಿಂದ ಎಷ್ಟು ದೂರ ಎಂದು ನಿನಗೇ ಗೊತ್ತು, ಜನ ದಿನಾ ಕೂಲಿಗೆ ಬಂದು ಹೋಗುತ್ತಾರೆ. ಕರೆಯದೆ ತವರಿಗೆ ಹೋದರೆ ಎರಡೂ ಮನೆಯ ಮಾನ ಹೋಗುತ್ತದೆ ಎಂದು ನಿಮ್ಮ ಅಜ್ಜಿ ಹೋಗಬೇಡ ಎಂದರು. ಒಂದೇ ಹೊಸ್ತಿಲು ದಾಟುವ ಹಾಗೂ ಇಲ್ಲವಲ್ಲ, ಹಿತ್ತಲಿನ ಮಗ್ಗದ ಕೊಟ್ಟಿಗೆಗೆ ಬೇರೆ ಬಾಗಿಲಿತ್ತು, ಅಲ್ಲಿ ನನ್ನನ್ನು ಇರಿಸಿದರು. ಸೊಸೆ ತವರಿಗೆ ಹೋದಳು ಎಂದು ಬೀದಿಗೆ ಹೇಳಿದರು. ಹೇಳಿದ ಮೇಲೆ ನಾನು ಕಾಣಿಸಿಕೊಳ್ಳುವ ಹಾಗಿರಲಿಲ್ಲ. ಅನ್ನದ ತಟ್ಟೆ ಕಿಟಕಿಯಲ್ಲಿ ಬರುತ್ತಿತ್ತು. ಕತ್ತಲಾದ ಮೇಲೆ ಹಿತ್ತಲಿಗೆ ಹೋಗುತ್ತಿದ್ದೆ. ಮಗ್ಗ ಎದುರಿಗೇ ಇತ್ತು, ಸದ್ದು ಕೇಳಿದರೆ ಯಾರಿದ್ದಾರೆ ಎಂದು ಕೇಳುತ್ತಾರೆಂದು ನೇಯಲೂ ಬಿಡಲಿಲ್ಲ. ಆ ವರ್ಷ ಅಧಿಕ ಆಷಾಢ. ಒಂದಲ್ಲ, ಎರಡು ತಿಂಗಳು.

ಶ್ರಾವಣದಲ್ಲಿ ಲೇಪಾಕ್ಷಿಯಿಂದ ಬಂದವಳ ಹಾಗೆ ಮುಂಬಾಗಿಲಿನಿಂದ ಒಳಗೆ ಬಂದೆ. ನಾರಪ್ಪಣ್ಣ ಗೌರಿ ಹಬ್ಬಕ್ಕೆ ಸಿಕ್ಕಾಗ ಕೇಳಿದೆ. "ಮರ್ತೋಗ್ಬುಟ್ಟೆ ಕಣಮ್ಮ," ಎಂದ. ಹೊಲ ಮರೆಯಲಿಲ್ಲ, ಎತ್ತು ಮರೆಯಲಿಲ್ಲ, ನಾನು ಮರೆತುಹೋದೆ. ಅವನ ಮೇಲೆ ಆಡಬೇಕಾದ ಮಾತುಗಳನ್ನೇ ಇಪ್ಪತ್ತೊಂಬತ್ತು ವರ್ಷದಿಂದ ಸಿಕ್ಕಿದವರ ಮೇಲೆಲ್ಲ ಆಡುತ್ತಿದ್ದೇನೆ, ಈ ಕಾಗದದಲ್ಲಿ ನಿನ್ನ ಮೇಲೂ ಆಡಿದೆ.

ನೀನು ಮೂಲೆಯಲ್ಲಿ ಕೂತು ಕೊಳೆಯುವುದು ಬೇಡ. ದ್ವೀಪಕ್ಕೆ ಹೋಗು, ಬೀಳು, ಎದ್ದು ನಿಲ್ಲು. ನೀವು ಹೊರಡುವುದು ಶನಿವಾರ ಇಪ್ಪತ್ತೆಂಟಕ್ಕೆ. ಅದಕ್ಕೆ ಮುಂಚೆ ನನಗೊಂದು ಕೆಲಸ ಮಾಡಲು ಬಿಡು. ಮಂಗಳವಾರ ಹೆಣ್ಣುಮಕ್ಕಳನ್ನು ಕಳಿಸುವುದಿಲ್ಲ, ಬುಧವಾರ ಅಮಾವಾಸ್ಯೆ. ಅದಕ್ಕೇ ಇಪ್ಪತ್ತಮೂರು, ಸೋಮವಾರ, ನಾನು ಕಲ್ಯಾಣದುರ್ಗಕ್ಕೆ ಬರುತ್ತೇನೆ. ನಿಮ್ಮ ಅತ್ತೆಯ ಎದುರಿಗೆ ನಿಂತು, ನಮ್ ಹುಡುಗೀನ ಕರ್ಕೊಂಡ್ ಹೋಗಾಕೆ ಬಂದಿದೀನಿ ಎಂದು ಒಂದು ಸಲ ಹೇಳುತ್ತೇನೆ. ನೀನು ನನ್ನ ಪಕ್ಕ ಬಸ್ಸಿನಲ್ಲಿ ಕೂತು ಹಿಂದೂಪುರದವರೆಗೆ ಬಾ. ಅಲ್ಲಿಂದ ಮುಂದೆ ನಿನ್ನ ಇಷ್ಟ. ಚೀಲ ಕಟ್ಟಿಕೊಂಡು ಬಾಗಿಲ ಹತ್ತಿರ ಕೂರಬೇಡ, ಕಾಯಿಸುವುದಿಲ್ಲ, ಮೊದಲನೆಯ ಬಸ್ಸಿಗೇ ಬರುತ್ತೇನೆ.